ಹಬ್ಬದ ದಿನ ಮಲಗದ ಯಂತ್ರ

ಕನಕಪುರದ ಕಂಪ್ಯೂಟರ್ ಯಂತ್ರಕ್ಕೆ ಆ ಆಯುಧಪೂಜೆಯ ದಿನ ವಿಭೂತಿ ಬಳಿದು ಚೆಂಡುಹೂವು ಮುಡಿಸಿದ್ದನ್ನು ನಾನು ಕಂಡವನಲ್ಲ. ಆದರೂ ನೆನಪು ಮಾಡಿಕೊಂಡಾಗಲೆಲ್ಲ ಕಂಡ ಹಾಗೆಯೇ ಬರುತ್ತದೆ. ಯಾರೋ ಹೇಳಿದ್ದನ್ನು ನಾನೇ ಚಿತ್ರ ಮಾಡಿಕೊಂಡಿರಬೇಕು. ಹೀಗಿರುವಾಗ ಉಳಿದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಸೇರಿಕೊಂಡದ್ದು ಎಂದು ಖಂಡಿತವಾಗಿ ಹೇಳಲಾರೆ. ನಾಚಿಕೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಬಿಡದಿ ಕಡೆಯಿಂದ ಕಾರ್ಖಾನೆಗಳು ಹಬ್ಬಿಕೊಂಡು ಬರುತ್ತಿದ್ದವು, ಹಿಪ್ಪುನೇರಳೆ ತೋಟಗಳು ಕರಗುತ್ತಿದ್ದವು. ರೇಷ್ಮೆಹುಳು ಮೇಯಿಸುವವರಿಗೆ ಸೊಪ್ಪು ಸಾಲದೆ ಬಂದರೆ ಪಕ್ಕದ ತಾಲ್ಲೂಕಿಗೆ ಓಡಬೇಕಿತ್ತು. ಬೆಳೆಗಾರರ ಸಂಘವೊಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಒಂದೊಂದು ಕಂಪ್ಯೂಟರ್ ಇಟ್ಟು, ಯಾರ ತೋಟದಲ್ಲಿ ಸೊಪ್ಪು ಮಾರಾಟಕ್ಕಿದೆ ಎಂದು ಅಲ್ಲಲ್ಲೇ ತುಂಬಿಸುತ್ತಿತ್ತು. ನಾಲ್ಕನ್ನೂ ಜೋಡಿಸುವ ಹುಡುಕಾಟದ ಸರ್ವರ್ ನನ್ನ ಕೆಲಸ. ನಾನಿದ್ದ ರಾಮನಗರದಲ್ಲಿ ಪ್ರಶ್ನೆ ಕೇಳಿದರೆ ಅದು ಉಳಿದ ಮೂರು ಊರಿಗೂ ಹೋಗಿ, ಬಂದ ಉತ್ತರಗಳೆಲ್ಲ ಒಂದೇ ಪುಟದಲ್ಲಿ ಕಾಣಬೇಕು.

ನನ್ನ ಮೇಜಿನ ಮೇಲೆ ಅದು ಚೆನ್ನಾಗಿಯೇ ಓಡಿತು. ಊರೂರಿಗೆ ಬಿಟ್ಟ ಮೇಲೆ ತೊಂದರೆ ಶುರುವಾಯಿತು. ಎಲ್ಲಾದರೂ ಒಂದು ಕಡೆ ಲೈನ್ ಹೋದರೆ ಪುಟವೇ ತೆರೆಯುತ್ತಿರಲಿಲ್ಲ, ಜನ ಪರದೆ ನೋಡುತ್ತಾ ನಿಲ್ಲುತ್ತಿದ್ದರು. ಅದಕ್ಕೆ ನಾನು ಸರ್ವರ್ ಹೇಗೆ ನಡೆಯಬೇಕೆಂದು ಹೇಳುವ ಸಂರಚನೆಯ ಕಡತದಲ್ಲಿ ಒಂದು ಸಾಲು ಬದಲಿಸಿದೆ: ಉತ್ತರ ಕೊಡದ ಯಂತ್ರವನ್ನು ಬಿಟ್ಟು ಮುಂದೆ ಹೋಗು. ಬಿಟ್ಟು ಹೋಗಿದ್ದೇನೆಂದು ಓದುವವರಿಗೆ ಹೇಳುವ ಸಾಲನ್ನು ಬರೆಯಲಿಲ್ಲ. ಮರೆತೆನೋ, ಬೇಡವೆಂದುಕೊಂಡೆನೋ, ಈಗ ಗೊತ್ತಿಲ್ಲ.

ಆಯುಧಪೂಜೆಯ ಹಿಂದಿನ ಸಂಜೆ, ಕೂಟಗಲ್ ಕಡೆಯಿಂದ ಬರುತ್ತಿದ್ದ ನಮ್ಮ ಆಪರೇಟರ್ ಕೇಳಿದ.

"ಸಾ, ನಾಳೆ ಮಿಸಿನ್ ಆರಿಸ್ಬುಡ್ಲಾ?"

"ಯಾಕೆ, ಅದಕ್ಕೆ ಸುಸ್ತಾಗಿದೆಯಾ?"

"ನೇಗ್ಲು, ಮಚ್ಚು ಎಲ್ಲಾನೂವೆ ಒಂದಿನ ಮಲಗುಸ್ತೀವಲ್ಲ ಸಾ. ಇದೂ ದುಡಿಯೋದೇಯ. ಒಸಿ ಮಲಿಕೊಳ್ಳಲಿ ಬುಡಿ."

"ನೀನು ಬೇಕಾದರೆ ಮಲಗು. ಇದು ಮಲಗೋದಿಲ್ಲ."

"ಆಯ್ತು ಬುಡಿ. ನಿಮ್ ಮಿಸಿನ್ನೂ ನಿಮ್ ಥರಾನೇ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ" ಎಂದು ನಕ್ಕ.

ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನಿಗೆ ಅದು ಹೊಗಳಿಕೆಯಂತೆಯೇ ಕೇಳಿಸಿತು. ಹಬ್ಬದ ದಿನ ಬೇಕೆಂದೇ ಬಾಗಿಲು ತೆರೆದು ಕೂತೆ. ಉಳಿದ ಮೂರು ಊರಿನವರು ಯಂತ್ರ ಒರೆಸಿ, ಪೂಜೆ ಮಾಡಿ, ಆರಿಸಿ ಮನೆಗೆ ಹೋಗಿದ್ದರು. ಹೋಗಿರಬಹುದೇ ಎಂದು ನಾನು ಯೋಚಿಸಲೂ ಇಲ್ಲ.

ಮಧ್ಯಾಹ್ನ ಕೈಲಾಂಚದಿಂದ ಒಬ್ಬ ಹೆಂಗಸು ಬಂದಳು. "ನಾಕ್ನೇ ಜ್ವರ ಎದ್ದವೆ ಸಾ. ತೋಟಕ್ಕೆ ಸುರುಳಿ ಹುಳ ಬಿದ್ಬುಟ್ಟು ಸೊಪ್ಪೆಲ್ಲ ಹೋಯ್ತು. ಎಲ್ಲಾರೂ ಐತಾ ನೋಡಿ."

ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ರೇಷ್ಮೆಹುಳು ಗೂಡು ಕಟ್ಟುವವರೆಗೆ ಎಡೆಬಿಡದೆ ಮೇಯುತ್ತದೆ. ಆಗ ಸೊಪ್ಪು ತಪ್ಪಿದರೆ ಅಲ್ಲಿಯವರೆಗಿನ ದುಡಿಮೆಯೆಲ್ಲ ಹೋದಂತೆ. ನಾನು ಹುಡುಕಿದೆ. ಪುಟ ತಕ್ಷಣ ತೆರೆಯಿತು, ಖಾಲಿಯಾಗಿತ್ತು.

"ಇಲ್ಲಮ್ಮ. ನಾಲ್ಕು ಊರಲ್ಲೂ ಇಲ್ಲ."

"ದೊಡ್ಡಆಲಹಳ್ಳಿ ಮಗ್ಗುಲಲ್ಲೂ ಇಲ್ವಾ? ಆ ಕಡೆ ತೋಟ ಚೆಂದಾಗವೆ ಅಂತಿದ್ರು."

"ಎಲ್ಲ ಕಡೆಯೂ ಕೇಳಿಯೇ ಹೇಳುತ್ತಿದೆ."

"ಹಂಗಾರೆ ಸುಮ್ಕೆ ಅಲೆಯೋದು ತಪ್ತು" ಎಂದು ಹೊರಟಳು.

ಮರುದಿನ ಬೆಳಿಗ್ಗೆ, ಆ ಹೆಂಗಸಿನ ವಿಷಯ ನನ್ನಿಂದ ಕೇಳಿದ ಆಪರೇಟರ್ ಮತ್ತೊಮ್ಮೆ ಹುಡುಕಿ ನೋಡಿ ನನ್ನನ್ನು ಕರೆದ. "ಸಾ, ನೆನ್ನೆ ಇಲ್ಲ ಅಂದ್ರಿ. ಇವತ್ತು ದೊಡ್ಡಆಲಹಳ್ಳೀಲಿ ಇಷ್ಟೊಂದು ಸೊಪ್ಪು ತೋರುಸ್ತಾ ಐತೆ. ರಾತ್ರೀಲಿ ಬೆಳೀತಾ?"

ದೊಡ್ಡಆಲಹಳ್ಳಿ ಕನಕಪುರದ ಯಂತ್ರಕ್ಕೆ ಸೇರಿದ್ದು. ಕನಕಪುರದವರು ಯಂತ್ರ ಮತ್ತೆ ಹಚ್ಚಿದ್ದರು, ಅಷ್ಟೆ. ಆಪರೇಟರನೇ ತೋಟದವರಿಗೆ ಫೋನ್ ಮಾಡಿ ಸೊಪ್ಪು ಕೊಯ್ಯಿಸಿ ಟೆಂಪೋಗೆ ಹಾಕಿಸಿದ. ನಾವಿಬ್ಬರೂ ಅವನ ಬೈಕಿನಲ್ಲಿ ಮುಂದಾಗಿ ಹೋದೆವು.

ಅವಳ ಮನೆ ಪಕ್ಕದ ತಿಪ್ಪೆಯ ಮೇಲೆ ಬೆರಳು ಗಾತ್ರದ ಬಿಳಿ ಹುಳುಗಳು ರಾಶಿ ಬಿದ್ದಿದ್ದವು. ಇನ್ನೂ ತಲೆ ಎತ್ತಿ ಆಡಿಸುತ್ತಿದ್ದವು. ಕೋಳಿಗಳು ಹೆಕ್ಕುತ್ತಿದ್ದವು.

"ಎಲ್ಲವ್ಕೂ ಅರೆಹೊಟ್ಟೆ ಆದ್ರೆ ಒಂದೂ ಗೂಡು ಕಟ್ಟಲ್ಲ ಸಾ" ಎಂದಳು. "ಅರ್ಧನಾದ್ರೂ ಉಳೀಲಿ ಅಂತ ಅರ್ಧ ಆಚ್ಗೆ ಹಾಕ್ಬುಟ್ಟೆ."

ಕನಕಪುರದ ಯಂತ್ರವನ್ನು ಹಬ್ಬಕ್ಕೆ ಆರಿಸಿದ್ದರು, ಸೊಪ್ಪು ಇತ್ತು, ಟೆಂಪೋ ಬರುತ್ತಿದೆ ಎಂದೆ.

"ಆರ್ಸಿದ್ರಾ? ಮತ್ತೆ ಇಲ್ಲ ಅಂತ ಯಾರು ಹೇಳಿದ್ದು?"

"ನಾನು" ಎಂದೆ. ಹಾಗೆ ಎಂದೆನೆಂದೇ ನನ್ನ ನೆನಪು. ಆಪರೇಟರ್ ಮಾತ್ರ ಇಂದಿಗೂ ಒಪ್ಪುವುದಿಲ್ಲ. "ನೀವೆಲ್ಲಿ ಬಾಯಿ ಬುಟ್ರಿ ಸಾ? ಕೋಳಿ ಓಡುಸ್ತಾ ನಿಂತಿದ್ರಿ" ಎನ್ನುತ್ತಾನೆ. ಅವನ ಮಾತೇ ನಿಜವಿರಬೇಕು.

ಟೆಂಪೋ ಬಂತು. ರೋಗ ತಗಲೀತೆಂದು ಹೊರಗಿನವರು ಹುಳುವಿನ ಮನೆಗೆ ಕಾಲಿಡಬಾರದು. ಕಂತೆಗಳನ್ನು ಹೊಸಿಲವರೆಗೆ ಹೊತ್ತು ಕೊಟ್ಟು ಹಿಂದೆ ಸರಿದೆ. ಉಳಿದ ಅರ್ಧ ಗೂಡು ಕಟ್ಟಿತೆಂದು ಆಮೇಲೆ ತಿಳಿಯಿತು.

ಅದೇ ದಿನ ಸರ್ವರ್ ಸರಿಪಡಿಸಿದೆ. ಯಾವುದಾದರೂ ಯಂತ್ರ ಮಾತಾಡದಿದ್ದರೆ, ಆ ಊರಿನಿಂದ ಉತ್ತರ ಬಂದಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರುವಂತೆ ಮಾಡಿದೆ. ಮುಂದಿನ ಬೆಳೆಯ ಹೊತ್ತಿಗೆ ಅವಳು ಮತ್ತೆ ಬಂದಳು. ನಾನು ಎದ್ದು ನಿಂತು, ಹುಡುಕಿ, ಪರದೆಯನ್ನು ಅವಳ ಕಡೆ ತಿರುಗಿಸಿದೆ. ನಾಲ್ಕು ಊರೂ ಉತ್ತರ ಕೊಟ್ಟಿದ್ದವು. ಸೊಪ್ಪು ಇತ್ತು.

ಅವಳು ಪರದೆಯತ್ತ ನೋಡಲಿಲ್ಲ. ನನ್ನನ್ನು ದಾಟಿ ಆಪರೇಟರನ ಬಳಿ ಹೋದಳು. "ಯಪ್ಪಾ, ನೀನೇ ಒಸಿ ಫೋನ್ ಮಾಡಿ ಕೇಳು."

ಅವನು ನನ್ನ ಮುಖ ನೋಡಿದ. "ಮಾಡಪ್ಪ" ಎಂದೆ. ಆ ಕಡೆಯವರು ಐತೆ ಅಂದದ್ದು ನನಗೂ ಕೇಳಿಸಿತು. ಆಮೇಲೆಯೇ ಅವಳು ಕುರ್ಚಿಯಲ್ಲಿ ಕೂತು ನೀರು ಕೇಳಿದಳು. ನೀರು ತಂದುಕೊಡಲು ನಾನೇ ಹೋದೆ.