ಮುದ್ರೆ ಬೀಳದ ಕೋಣೆ

ಅಂಚೆ ಕಚೇರಿಯಲ್ಲಿ ಅರಗು ಕರಗಿಸುವುದನ್ನು ನೀವು ಇತ್ತೀಚೆಗೆ ಕಂಡಿದ್ದೀರೋ ಇಲ್ಲವೋ. ವಿಮೆ ಮಾಡಿಸಿದ ಪಾರ್ಸೆಲಿಗೆ ಕೆಂಪು ಅರಗಿನ ಮುದ್ರೆ ಬೀಳಬೇಕಂತೆ. ಮೊನ್ನೆ ತಂಗಿಯ ಮೊಮ್ಮಗಳಿಗೆ ಬೆಳ್ಳಿಯ ಗೆಜ್ಜೆ ಕಳಿಸಲು ಹೋಗಿದ್ದೆ. ಪೋಸ್ಟ್‌ಮಾಸ್ಟರರು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದರು. ಹಿಂದೆ ನಿಂತಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ನನ್ನ ಮೂಗಿನ ಪಾಲಿಗೆ ಅದು ಸೀತಕ್ಕನ ಮನೆ ಜಪ್ತಿಯಾದ ದಿನದ ವಾಸನೆ.

ಸೀತಕ್ಕ ನೆಕ್ರಾಜೆಯಲ್ಲಿ ನಮ್ಮ ನೆರೆಮನೆಯವರು. ಅವರ ಗಂಡ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಒಂದು ಜೀಪು ಕೊಂಡರು. ಜೀಪು ಎರಡು ಮಳೆಗಾಲ ಓಡಿತು, ಮೂರನೆಯದಕ್ಕೆ ಮಲಗಿತು. ಗಂಡನೂ ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ ತೀರಿಕೊಂಡರು. ಉಳಿದದ್ದು ಸೀತಕ್ಕ, ಇಬ್ಬರು ಸಣ್ಣ ಹೆಣ್ಣುಮಕ್ಕಳು ಮತ್ತು ಬ್ಯಾಂಕು. ಇರುವ ಒಂದೇ ಮನೆಯಿಂದ ಬಡವರನ್ನು ಹೊರಹಾಕಬಾರದೆಂಬ ಕಾನೂನನ್ನು ಆಗ ಯಾರೂ ಕನಸಿನಲ್ಲೂ ಕಂಡಿರಲಿಲ್ಲ.

ಮುದ್ರೆ ಹಾಕಲು ಬಂದವರು ಬ್ಯಾಂಕಿನ ವಸೂಲಿ ಅಧಿಕಾರಿ, ವರ್ಕಾಡಿಯ ಅಚ್ಯುತಣ್ಣ. ಅರಗು, ಬೆಂಕಿಪೊಟ್ಟಣ, ಹಿತ್ತಾಳೆಯ ಮುದ್ರೆ ಮೂರನ್ನೂ ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ತಿರುಗುವ ಮನುಷ್ಯ. ಅಂಗಳದಲ್ಲಿ ಊರೇ ನೆರೆದಿತ್ತು. ಸೀತಕ್ಕ ಅವರಿಗೂ ಬೆಲ್ಲ, ನೀರು ಕೊಟ್ಟರು. ಅವರು ಕುಡಿದು, ಬಾಯಿ ಒರೆಸಿ, ಮುಂಬಾಗಿಲಿಗೆ ಮುದ್ರೆ ಒತ್ತಿದರು. ಬಳಿಕ ಹಿಂಬಾಗಿಲು. ಕೊನೆಗೆ ಜಗಲಿಯ ಮೂಲೆಯಲ್ಲಿದ್ದ ಒಂದು ಗಿಡ್ಡ ಬಾಗಿಲಿನ ಎದುರು ನಿಂತರು.

“ಇದು ಎಂತದ್ದು ಸೀತಕ್ಕಾ?”

“ದೈವದ ಕೋಣೆ. ಪಂಜುರ್ಲಿ.”

ಅಚ್ಯುತಣ್ಣನ ಕೈಯಲ್ಲಿ ಅರಗು ಕರಗುತ್ತಿತ್ತು.

“ಹಾಕಿ ಮಾರಾಯ್ರೆ, ನಾನು ಬೇಡ ಹೇಳುವುದಿಲ್ಲ,” ಎಂದರು ಸೀತಕ್ಕ. “ಸಂಜೆ ದೀಪ ಇಡ್ಲಿಕ್ಕೆ ಮಾತ್ರ ನೀವೇ ಬರಬೇಕಾಗ್ತದೆ.”

“ವರ್ಕಾಡಿಯಿಂದ ದಿನಾ ಬರ್ಲಿಕ್ಕೆ ಆಗ್ತದಾ?”

“ಅದು ನೀವು ಮತ್ತು ದೈವ ಮಾತಾಡಿಕೊಳ್ಳಿ.”

ಅರಗಿನ ಒಂದು ಹನಿ ಅಚ್ಯುತಣ್ಣನ ಹೆಬ್ಬೆರಳಿನ ಮೇಲೆ ಬಿತ್ತು. ಅದನ್ನು ಅವರು ಮೇಲಿನಿಂದ ಬಂದ ಸೂಚನೆ ಎಂದೇ ತಿಳಿದಿರಬೇಕು. ಮುದ್ರೆಯನ್ನು ಚೀಲಕ್ಕೆ ಹಾಕಿ, ಸದರಿ ಕೋಣೆ ಸಾಲಗಾರರ ಸ್ವತ್ತಲ್ಲವೆಂದು ಮೇಲಧಿಕಾರಿಗಳಿಗೆ ವರದಿ ಮಾಡಿದರು. ಹೀಗೆ ನಮ್ಮೂರಿನ ಪ್ರಥಮ ವಸತಿ ಸಂರಕ್ಷಣಾ ಕಾಯಿದೆ ಯಾವ ಸಭೆಯ ಚರ್ಚೆಯೂ ಇಲ್ಲದೆ ಜಾರಿಗೆ ಬಂತು.

ದೀಪವಿಡಲು ಎಣ್ಣೆ ಬೇಕು, ಎಣ್ಣೆ ಇಡಲು ಹಲಗೆ ಬೇಕು. ಹಲಗೆಯನ್ನು ಕಾಯಲು ಜನ ಬೇಕು, ಜನಕ್ಕೆ ಚಾಪೆ ಬೇಕು. ತಿಂಗಳು ಕಳೆಯುವಾಗ ಜಗಲಿಯಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳು ಮಗ್ಗಿ ಹೇಳುತ್ತಿದ್ದರು. ಬೀಗ ಬಿದ್ದ ದೊಡ್ಡ ಮನೆ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು.

ಏಲಂ ದಿನ ನಿಜವಾಗಿ ಕೊಳ್ಳುವ ಉದ್ದೇಶದಿಂದ ಬಂದವರು ಶಿರಿಯದ ವ್ಯಾಪಾರಿ ಅಬ್ಬಾಸ್ ಬ್ಯಾರಿ ಒಬ್ಬರೇ. ಮನೆಗೆ ಸುತ್ತು ಬಂದರು, ಬಾವಿಯ ನೀರನ್ನು ಹೊಗಳಿದರು, ಗಿಡ್ಡ ಬಾಗಿಲಿನ ಒಳಗೆ ಉರಿಯುವ ದೀಪವನ್ನು ನೋಡಿದರು.

“ಮನೆ ಬೇಕು ಅಂತ ಬಂದದ್ದು ನಾನು, ಅಚ್ಯುತಣ್ಣ. ಇನ್ನೊಬ್ಬರ ದೈವವನ್ನು ಹೊರಗೆ ಹಾಕ್ಲಿಕ್ಕೆ ಬಂದದ್ದಲ್ಲ,” ಎಂದು ಹೇಳಿ ಬಸ್ಸಿಗೆ ಹೋದರು. ಬೇರೆ ಯಾರೂ ಬೆಲೆ ಕೂಗಲಿಲ್ಲ. ಬ್ಯಾಂಕು ಕಂತಿಗೆ ಒಪ್ಪಿತು. ಸೀತಕ್ಕ ಬೀಡಿ ಕಟ್ಟಿ ಕಟ್ಟಿ ಸಾಲ ತೀರಿಸಿದರು. ಮುದ್ರೆ ಒಡೆಯಲು ಅಚ್ಯುತಣ್ಣನೇ ಬಂದರು, ಈ ಸಲ ಚೀಲದಲ್ಲಿ ಮಕ್ಕಳಿಗೆ ಹಲ್ವ ತಂದಿದ್ದರು.

ಇಲ್ಲಿಗೆ ನಿಲ್ಲಿಸಿದರೆ ನೀವೂ ನಾನೂ ಸಂತೋಷದಿಂದ ಚಹಾ ಕುಡಿಯಬಹುದಿತ್ತು. ಆದರೆ ಬ್ಯಾಂಕು ಕೂಡ ಪಾಠ ಕಲಿಯುತ್ತದೆ. ಅಂದಿನಿಂದ ಮನೆ ಸಾಲಕ್ಕೆ ಹೋದವರಿಗೆ ಮ್ಯಾನೇಜರರ ಮೊದಲ ಪ್ರಶ್ನೆ ಆದಾಯದ್ದಾಗಿರಲಿಲ್ಲ. “ದೈವದ ಕೋಣೆ ಉಂಟಾ?”

ಉಂಟು ಎಂದು ನಿಜ ಹೇಳಿ ಕೆಟ್ಟವನು ಬೇಲಿಯಾಚೆಯ ಕಿಟ್ಟಣ್ಣ. ಸಾಲ ಸಿಗದೆ ಅವನ ಹೊಸ ಮನೆಯ ಗೋಡೆ ಕಿಟಕಿಯವರೆಗೆ ಎದ್ದು ಅಲ್ಲಿಯೇ ನಿಂತಿತು. ಮೇಲೆ ಟಾರ್ಪಾಲು.

“ಸೀತಕ್ಕಾ, ನಿಮ್ಮ ದೈವ ನಿಮ್ಮ ಮನೆ ಉಳಿಸಿತು,” ಎಂದು ಅವನು ಬೇಲಿಯ ಮೇಲಿನಿಂದ ಕೆಣಕುತ್ತಿದ್ದ. “ನನ್ನದು ಪಾಪ, ನನ್ನೊಟ್ಟಿಗೇ ನೆನೆಯುತ್ತದೆ.”

ಊರೆಲ್ಲ ನಗುತ್ತಿತ್ತು. ಸೀತಕ್ಕ ನಗುತ್ತಿರಲಿಲ್ಲ. ಒಂದು ದಿನ ಅವರು ಮನೆಯ ಹಕ್ಕುಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು, ಜೊತೆಗೆ ಓದುಬರಹ ಬಲ್ಲವನೆಂದು ನನ್ನನ್ನೂ ಕರೆದುಕೊಂಡು, ಬ್ಯಾಂಕಿಗೆ ಹೋದರು.

“ಕಿಟ್ಟಣ್ಣನ ಸಾಲಕ್ಕೆ ನನ್ನ ಮನೆ ಜಾಮೀನು.”

ಅಚ್ಯುತಣ್ಣ ಕುರ್ಚಿ ಹಿಂದೆ ಸರಿಸಿದರು. “ಪುನಃ ಅದೇ ಮನೆಯಾ? ಅಲ್ಲಿ ದೈವ ಉಂಟಲ್ಲ ಮಾರಾಯ್ತಿ.”

“ಕೇಳಿಯೇ ಬಂದದ್ದು. ಕಿಟ್ಟಣ್ಣ ಕಂತು ಕಟ್ಟದಿದ್ದರೆ ಈ ಕೋಣೆಗೂ ಮುದ್ರೆ ಹಾಕ್ತಾರೆ, ಆದೀತಾ ಅಂತ ಕೇಳಿದೆ.”

“ಎಂತ ಹೇಳಿತು?”

“ಆಗದು ಅಂತ ಹೇಳಲಿಲ್ಲ.”

ಅಚ್ಯುತಣ್ಣ ಎದ್ದು ಮ್ಯಾನೇಜರರಿಂದ ಜಾಮೀನಿನ ಕಾಗದ ತಂದರು. ಮುಂದಿನ ಮಳೆಗಾಲಕ್ಕೆ ಕಿಟ್ಟಣ್ಣನ ಮನೆಗೆ ಹಂಚು ಬಿತ್ತು. ಅವನು ಕಂತು ತಪ್ಪಿಸಲಿಲ್ಲ. ಸೀತಕ್ಕ ಪ್ರತಿ ತಿಂಗಳೂ ಬೇಲಿಯ ಬಳಿ ಬಂದು ಬೆಲ್ಲ ಕೊಟ್ಟು ವಿಚಾರಿಸಿದರೆ ಯಾರಿಗೆ ತಪ್ಪಿಸುವ ಧೈರ್ಯ ಬಂದೀತು?

ಈಗ ನಿಜವಾದ ಕಾನೂನೇ ಬಂದಿದೆ. ಬೇಕೆಂದೇ ಕಂತು ತಪ್ಪಿಸಿದವರಲ್ಲದ ಬಡವರ ಒಂದೇ ಮನೆಯನ್ನು ಉಳಿಸಬೇಕು ಎನ್ನುತ್ತದೆ ಅದು. ಇದರಿಂದ ಹಿತವೋ ಅಹಿತವೋ ಎಂಬ ಬಗ್ಗೆ ಊರಿನ ವಾಚನಾಲಯದಲ್ಲಿ ಭಾಷಣ ಮಾಡಲು, ನಿವೃತ್ತ ಮಾಷ್ಟ್ರೆಂಬ ಏಕೈಕ ಅರ್ಹತೆಯ ಮೇಲೆ, ನನ್ನನ್ನು ಕರೆದಿದ್ದರು. ಅಹಿತ ಎಂದು ಬರೆದಿಟ್ಟಿದ್ದೆ. ಬೀಗ ಹಾಕಲಾಗದ ಮನೆಯನ್ನು ನಂಬಿ ಯಾರು ಸಾಲ ಕೊಡುತ್ತಾರೆ ಎಂದು ಗಂಭೀರವಾಗಿ ಕೇಳುವವನಿದ್ದೆ. ಕಿಟ್ಟಣ್ಣನ ಮಗಳು ಪುಷ್ಪ ಇದಕ್ಕೆ ನನ್ನ ಬಳಿಯಿದ್ದ ಜೀವಂತ ಉದಾಹರಣೆ. ಅವಳ ಮನೆ ಸಾಲಕ್ಕೆ ಈಗ ಮನೆಯೊಂದೇ ಸಾಲದು, ಜಾಮೀನುದಾರರೂ ಬೇಕು ಎಂದಿದ್ದಾರೆ ಬ್ಯಾಂಕಿನವರು. ಜಾಮೀನು ನಿಲ್ಲಲು ವಾರದ ಹಿಂದೆ ನನ್ನನ್ನು ಕೇಳಿದ್ದಳು. ಭಾಷಣ ಮುಗಿಯಲಿ ಮಗಾ, ಎಂದಿದ್ದೆ.

ಅಂಚೆ ಕಚೇರಿಯಲ್ಲಿ ನಿಂತು ಅಂದುಕೊಂಡೆ: ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಜಗಲಿಯಲ್ಲಿ ನಿಂತ ಸೀತಕ್ಕನ ಎದುರು ಈ ಭಾಷಣ ಓದಲು ನನಗೆ ಬಾಯಿ ಬರುತ್ತಿತ್ತೇ? ಟಾರ್ಪಾಲಿನಡಿಯ ಕಿಟ್ಟಣ್ಣನ ಎದುರು ಕಾನೂನನ್ನು ಹೊಗಳುವ ಭಾಷಣವನ್ನಾದರೂ ಓದುತ್ತಿದ್ದೆನೇ? ರಸೀದಿ ಕಿಸೆಗೆ ಹಾಕಿ ಪುಷ್ಪಳಿಗೆ ಫೋನು ಮಾಡಿದೆ. ನಾನು ರಸ್ತೆ ದಾಟುವಷ್ಟರಲ್ಲಿ ಅವಳು ಬ್ಯಾಂಕಿನಲ್ಲಿ ಕೂತಿದ್ದಳು.

ಮ್ಯಾನೇಜರ್ ಚಿಕ್ಕ ಪ್ರಾಯದವರು. “ನಿಮಗೆ ಎಷ್ಟು ಮನೆ ಉಂಟು ಮಾಷ್ಟ್ರೇ?”

“ಒಂದೇ.”

“ಹಾಗಾದ್ರೆ ಅದನ್ನೂ ಮುಟ್ಟುವ ಹಾಗಿಲ್ಲ.” ಅವರು ಬೇಸರದಿಂದ ಪೆನ್ನು ಕೆಳಗಿಟ್ಟರು. “ಬೇರೆ ಎಂತ ಉಂಟು?”

“ಪಿಂಚಣಿ ಉಂಟು.”

“ಪಿಂಚಣಿ ಆಗಬಹುದು,” ಎಂದರು. ನನ್ನ ಪಿಂಚಣಿಯ ಬಗ್ಗೆ ಇಷ್ಟು ಗೌರವದಿಂದ ಯಾರೂ ಮಾತಾಡಿದ್ದಿಲ್ಲ.

“ವಾಚನಾಲಯದ ಭಾಷಣ ಮುಗೀತಾ ಮಾಷ್ಟ್ರೇ?” ಎಂದು ಪುಷ್ಪ ಮೆಲ್ಲನೆ ಕೇಳಿದಳು.

“ಇಲ್ಲ,” ಎಂದೆ. “ಸ್ವಲ್ಪ ಆಚೆ ಸರಿ ಮಗಾ, ಸಹಿ ಮಾಡ್ಲಿಕ್ಕೆ ಕೂತ್ಕೊಳ್ತೇನೆ.”