ಮಾವನ ನಾಲಗೆ, ನನ್ನ ಮೀಟರ್

ಮಾವನ ಹವಳಗಳನ್ನು ಕೊಂದದ್ದು ಮಾವನೇ ಎಂಬುದು ನಮ್ಮ ಮನೆಯವರ ತೀರ್ಪು. ಮದುವೆ ಊಟದ ಸಾಲಿನಲ್ಲೂ ಇದೊಂದು ನಗೆಯ ವಿಷಯ: ಮೂವತ್ತು ವರ್ಷ ಬೋಟಿನಲ್ಲಿ ದುಡಿದ ಮನುಷ್ಯನಿಗೆ ಗಾಜಿನ ಪೆಟ್ಟಿಗೆಯಷ್ಟು ಸಮುದ್ರ ಸಾಕಲು ಬರಲಿಲ್ಲವಂತೆ. ಎಲ್ಲರೂ ಒಪ್ಪಿದ ಮಾತಿಗೇ ಮೊದಲು ಸಾಕ್ಷಿ ಕೇಳಬೇಕು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಇಲ್ಲಿ ಮಾತ್ರ ಕೇಳಲಿಲ್ಲ. ಕೇಳಿದರೆ ಸಾಕ್ಷಿ ಹೇಳಬೇಕಾದವಳೂ ನಾನೇ.

ಮಾವ ಎಂದರೆ ಅಮ್ಮನ ಅಣ್ಣ. ಮೊಣಕಾಲು ಸೋತು ಬೋಟು ಬಿಟ್ಟ ಮೇಲೆ ಜೆಪ್ಪುವಿನ ಮನೆಯ ಚಾವಡಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುತ್ತೇನೆಂದರು. ಬರೀ ಮೀನಲ್ಲ, ಹವಳವೂ ಬೇಕು.

"ನಾನು ನೋಡಿದ್ದು ಬಲೆಗೆ ಬಿದ್ದದ್ದನ್ನು ಮಾತ್ರ. ಅಲ್ಲಿ ಕೆಳಗೆ ಅವು ಹೇಗೆ ಬದುಕ್ತವೆ ಅಂತ ಒಮ್ಮೆ ನೋಡ್ಬೇಕು."

ಯಂತ್ರಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊಡಿಯಾಲ್‌ಬೈಲ್‌ನ ಅಕ್ವೇರಿಯಂ ಅಂಗಡಿಯವರು ಮೊದಲು ಸ್ಕಿಮ್ಮರ್ ತೋರಿಸಿದರು. ಅದು ನೀರಿನಲ್ಲಿ ಸಣ್ಣ ಗುಳ್ಳೆ ಎಬ್ಬಿಸಿ, ಕೊಳೆಯನ್ನೆಲ್ಲ ನೊರೆಯ ಜೊತೆ ಹೊರಗೆ ಹಾಕುತ್ತದೆ. ಮಾವನಿಗೆ ಕೂಡಲೇ ಅರ್ಥವಾಯಿತು. "ತೆರೆ ಬಡಿದು ದಡದಲ್ಲಿ ಹಳದಿ ನೊರೆ ನಿಲ್ತದಲ್ಲ, ಅದೇ ಕೆಲಸ." ಅದಕ್ಕೆ ನನ್ನ ತಕರಾರಿರಲಿಲ್ಲ. ಕೆಳಗಿಡುವ ಫಿಲ್ಟರ್ ತೊಟ್ಟಿಯನ್ನೂ ತೆರೆ ಎಬ್ಬಿಸುವ ಪಂಪನ್ನೂ ಒಪ್ಪಿಕೊಂಡೆ. ನೀರು ತಂಪು ಮಾಡುವ ಚಿಲ್ಲರ್ ಬಂದಾಗ ವಾದಕ್ಕೆ ಟೊಂಕ ಕಟ್ಟಿದೆ. ಮೇಲೊಂದು ಫ್ಯಾನ್ ಇಟ್ಟರೆ ಸಾಲದೇ?

"ಸಾಕು. ಆದ್ರೆ ಫ್ಯಾನಿಗೆ ನೀರು ಬೇಗ ಆವಿಯಾಗಿ ಆರ್ತದೆ" ಎಂದರು ಅಂಗಡಿಯವರು. "ಹಾಗಾದ್ರೆ ಈ ಮೆಷಿನ್ ಬೇಕು. ಆರಿದಷ್ಟು ನೀರು ಇದೇ ತುಂಬಿಸ್ತದೆ."

"ನೀರು ಹೊಯ್ಲಿಕ್ಕೆ ಮೆಷಿನ್ ಎಂತಕ್ಕೆ? ಮಾವನಿಗೆ ಕೈ ಇಲ್ವಾ?"

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. ಮಾವ ಹೆಮ್ಮೆಯಿಂದ, "ಇವಳತ್ರ ವಾದಕ್ಕೆ ನಿಲ್ಬೇಡಿ ಮಾರಾಯ್ರೆ, ನಮ್ಮ ಮನೆಯ ವಕೀಲೆ" ಎಂದರು.

ಹಾಗೆ ಗೆದ್ದ ವಾದದಲ್ಲಿ ಒಂದು ಮಾತು ಬಿಟ್ಟುಹೋಯಿತು: ಹೊಯ್ಯಬೇಕಾದದ್ದು ಯಾವ ನೀರು? ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದು ಸಿಹಿನೀರು. ಕಡಲಲ್ಲಿ ಬೆಳೆದವರಿಗೆ ಹಾಗೆ ಹೊಳೆಯುವುದಿಲ್ಲ. ಕಡಲು ಕಡಿಮೆಯಾದರೆ ಕಡಲನ್ನೇ ತರಬೇಕು. ಮಾವ ಬೋಟು ಕಟ್ಟುವ ದಕ್ಕೆಯ ಗೆಳೆಯರ ಕೈಯಲ್ಲಿ ಕ್ಯಾನ್ ಕಳಿಸುತ್ತಿದ್ದರು. ನದಿನೀರು ಬೆರೆಯದ ಜಾಗ ಬೇಕೆಂದು ಅವರು ಅಳಿವೆ ದಾಟಿ ದೂರ ಹೋಗಿ ತುಂಬಿಸಿ ತರುತ್ತಿದ್ದರು. ಇಷ್ಟು ಶ್ರದ್ಧೆಯಿಂದ ನಡೆದ ತಪ್ಪನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆಯವರ ಕತೆ ಇಲ್ಲಿಗೆ ಮುಗಿಯುತ್ತದೆ. ನನ್ನದು ಮುಗಿಯುವುದಿಲ್ಲ.

ಒಂದು ಭಾನುವಾರ ಮಾವ ತೊಟ್ಟಿಗೆ ಬೆರಳದ್ದಿ ನಾಲಗೆಗಿಟ್ಟರು. "ಉಪ್ಪು ಹೆಚ್ಚಾಗಿದೆ ಮಾರಾಯ್ತಿ. ಒಂದು ಕೊಡಪಾನ ಬಾವಿನೀರು ಹಾಕುವಾ?"

ನಾನು ಉಪ್ಪಿನ ಮೀಟರ್ ಮುಳುಗಿಸಿದೆ. ಪ್ಲಾಸ್ಟಿಕ್ ಡಬ್ಬಿಯೊಳಗೊಂದು ತೂಗುವ ಮುಳ್ಳು. ಉಪ್ಪು ಹೆಚ್ಚಿದಷ್ಟೂ ಮೇಲೇಳುತ್ತದೆ. ಮುಳ್ಳು ಇರಬೇಕಾದ ಗೆರೆಯಲ್ಲೇ ಇತ್ತು.

"ನೋಡಿ ಮಾವ, ಸರಿ ಉಂಟು."

"ನಾಲಗೆ ಸುಳ್ಳು ಹೇಳ್ತದಾ?"

"ನಿಮ್ಮ ನಾಲಗೆ ಬೆಳಿಗ್ಗೆ ಒಣಮೀನಿನ ಚಟ್ನಿ ತಿಂದಿದೆ. ಮೀಟರ್ ತಿಂದಿಲ್ಲ."

ಅತ್ತೆ ನಕ್ಕರು, ಮಾವನೂ ನಕ್ಕರು. ಬಾವಿನೀರು ಬಾವಿಯಲ್ಲೇ ಉಳಿಯಿತು.

ಹತ್ತು ದಿನದೊಳಗೆ ಹವಳಗಳು ಮುಚ್ಚಿಕೊಂಡವು, ಮತ್ತೆ ಅರಳಲಿಲ್ಲ. ಅಂಗಡಿಯವರನ್ನು ಕರೆಸಿದೆವು. ಅವರು ತಮ್ಮ ಮಸೂರದ ಮೀಟರಿಗೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರು. "ಇದು ಸಮುದ್ರ ಅಲ್ಲ ಮಾರಾಯ್ರೆ, ಉಪ್ಪಿನಕಾಯಿ ಭರಣಿ. ಯಾವ ನೀರು ಹಾಕ್ತಿದ್ರಿ?"

"ಸಮುದ್ರದ್ದೇ" ಎಂದರು ಮಾವ.

ಅಂಗಡಿಯವರು ನನ್ನ ಮೀಟರ್ ಎತ್ತಿ ನೋಡಿದರು. ಮುಳ್ಳಿನ ಮೇಲೆ ಬಿಳಿ ಪದರ. ಪ್ರತಿಸಲ ಸಿಹಿನೀರಲ್ಲಿ ತೊಳೆದಿಡಬೇಕಾದದ್ದನ್ನು ನಾನು ಹಾಗೇ ಒಣಗಲು ಬಿಟ್ಟಿದ್ದೆ. ಕಟ್ಟಿದ ಉಪ್ಪಿನ ಭಾರಕ್ಕೆ ಮುಳ್ಳು ಮೇಲೇಳುತ್ತಿರಲಿಲ್ಲ. ತೊಳೆದು ಮತ್ತೆ ಮುಳುಗಿಸಿದಾಗ ಅದು ಗೆರೆ ದಾಟಿ ತುದಿಗೆ ಹೋಗಿ ನಿಂತಿತು. ಮಾವ ನೋಡಿದರು. ಅವರು ನೋಡಿದ್ದನ್ನು ನಾನೂ ನೋಡಿದೆ. ಅಡುಗೆಮನೆಯಿಂದ ಬಂದ ಅತ್ತೆ "ಎಂತ ಆದದ್ದು?" ಎಂದಾಗ, "ನಾನು ನೀರು ತಪ್ಪು ಹಾಕಿದೆ" ಎಂದುಬಿಟ್ಟರು ಮಾವ. ನಾನು ತಿದ್ದಲಿಲ್ಲ. ಯಾವ ಸಭೆಯಲ್ಲೂ ಬಾಯಿ ಮುಚ್ಚದ ನಾನು.

ಈಗ ತೊಟ್ಟಿ ಮತ್ತೆ ತುಂಬಿದೆ. ನೀರು ತುಂಬಿಸುವ ಮೆಷಿನ್ ಬಂದಿದೆ, ಮಸೂರದ ಮೀಟರೂ ಬಂದಿದೆ. ಹೊಸ ಹವಳ ಎರಡು ಅರಳಿವೆ. ಆದರೆ ಮಾವ ನೀರಿಗೆ ಬೆರಳು ಅದ್ದುವುದಿಲ್ಲ. ನಾನು ಹೋದಾಗಲೆಲ್ಲ "ಮೀಟರ್ ಎಂತ ಹೇಳ್ತದೆ?" ಎಂದು ಕೇಳುತ್ತಾರೆ. ಮೊನ್ನೆ ಅತ್ತೆ ಮೀನು ಸಾರಿನ ಸೌಟು ಮುಂದೆ ಹಿಡಿದು ಉಪ್ಪು ಸಾಕಾ ಎಂದರೆ, "ನಂಗೆ ಗೊತ್ತಾಗುದಿಲ್ಲ, ಇವಳತ್ರ ಕೇಳು" ಎಂದರು. ಅತ್ತೆ ತಮಾಷೆಯೆಂದುಕೊಂಡರು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಚಾವಡಿಗೂ ಅಂಗಳಕ್ಕೂ ನಾಲ್ಕು ಸಲ ಅಲೆದೆ.

ಊಟವಾದ ಮೇಲೆ ಮಾವ ತೊಟ್ಟಿಯ ಗಾಜಿನ ಪಾಚಿ ಕೆರೆಯುತ್ತಿದ್ದರು. ಕೇಳಿಯೇಬಿಟ್ಟೆ.

"ಮಾವ, ಆ ಭಾನುವಾರ ನಿಮಗೆ ಖಂಡಿತ ಗೊತ್ತಿತ್ತು. ನಾನು ಹೇಳಿದೆ ಅಂತ ನಿಮ್ಮ ನಾಲಗೆಯನ್ನೇ ಯಾಕೆ ಬಿಟ್ಟುಕೊಟ್ರಿ?"