ನನ್ನ ಮಗಳ ಕಿವಿ ಉಳಿದ ಬಗೆ

೨೦೦೯ರ ಕಾರ್ತಿಕ ಸೋಮವಾರ. ಮಹಾಲಿಂಗಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನನ್ನ ಆರು ವರ್ಷದ ಮಗಳು ಜ್ವರದಿಂದ ಮಲಗಿದ್ದಳು. ನಾನು ಅವಳ ತಲೆಯ ಹಿಂದೆ, ಅವಳಿಗೆ ಕಾಣದಂತೆ ಕುಳಿತು ಮೆಲ್ಲಗೆ “ಗೌರೀ” ಎಂದು ಕರೆಯುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯುತ್ತಿದ್ದೆ.

“ಯವ್ವಾ, ಎಷ್ಟ್ ಸಲ ಕರೀತಿ? ಕೇಳಾಕತ್ತೇತಿ” ಎಂದು ಅವಳು ಕಣ್ಣು ಮುಚ್ಚಿಕೊಂಡೇ ಗೊಣಗಿದಾಗ ನನಗೆ ಉಸಿರು ಬರುತ್ತಿತ್ತು.

ನಮ್ಮ ದೇವರು ಮಲ್ಲಯ್ಯನನ್ನು ನಂಬಿದ ಅಕ್ಕತಂಗಿಯರೇ, ಅಣ್ಣಂದಿರೇ, ಜ್ವರವೆಂದರೆ ನಾನು ಇಷ್ಟು ಹೆದರಲು ಕಾರಣವಿತ್ತು. ನನ್ನ ಹಿರಿಯ ಮಗ ಬಸುವಿಗೆ ೧೯೯೯ರಲ್ಲಿ, ಅವನಿಗೆ ಐದು ವರ್ಷವಿದ್ದಾಗ, ಎದೆಯಲ್ಲಿ ಕಫ ಕಟ್ಟಿ ಜೋರು ಜ್ವರ ಬಂದಿತ್ತು. ಆಸ್ಪತ್ರೆಯಲ್ಲಿ ಇಟ್ಟು, ಗುಣ ಮಾಡಿಸಿಕೊಂಡು ಮನೆಗೆ ಕರೆತಂದೆವು. ಕುಕ್ಕರಿನ ಸೀಟಿಗೆ ಯಾವಾಗಲೂ ಬೆಚ್ಚಿ ನನ್ನ ಸೆರಗು ಹಿಡಿಯುತ್ತಿದ್ದ ಹುಡುಗ, ಕೆಲವು ದಿನಗಳ ಮೇಲೆ ಒಲೆಯ ಮುಂದೆಯೇ ಕುಳಿತು ಶೇಂಗಾ ಸುಲಿಯುತ್ತಿದ್ದ. ಸೀಟಿ ಕೂಗಿತು. ಅವನು ತಲೆ ಎತ್ತಲಿಲ್ಲ. ಬೆಳಗಾವಿಯವರೆಗೆ ತೋರಿಸಿದೆವು. “ಜ್ವರ ಕಿವಿಗೆ ಇಳಿದೈತ್ರಿ” ಎಂದರು. “ಜ್ವರದ ಕೂಸಿಗೆ ತಲಿಮ್ಯಾಲ ನೀರ ಹಾಕಿದ್ರ ಇನ್ನೇನ ಆಕ್ಕೇತಿ?” ಎಂದು ಅತ್ತೆಯವರು ಅಂದರು. ಆ ಮಾತನ್ನು ನಾನು ಹತ್ತು ವರ್ಷ ಹೊತ್ತುಕೊಂಡು ತಿರುಗಿದೆ.

ಈಗ ಗೌರಿಗೆ ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಅವಸರ ಮಾಡದೆ ಎಲ್ಲ ಕೇಳುವ ಸ್ವಭಾವ. ಬಸುವಿನ ವಿಷಯ ತಿಳಿದು, “ನಿಮ್ಮ ಮನೆತನದಾಗ ಮತ್ತ ಯಾರಿಗರೆ ಕಿವಿ ಕೇಳಂಗಿಲ್ಲೇನ್ರಿ?” ಎಂದು ಕೇಳಿದರು.

ನಮ್ಮ ಯಜಮಾನರು ಬನಹಟ್ಟಿಯಲ್ಲಿ ಪಾವರ್‌ಲೂಮ್ ನಡೆಸುವವರು. “ಯಾರಿಗೂ ಇಲ್ರಿ ಸಾಹೇಬ್ರ” ಎಂದರು. “ನಮ್ಮ ಮುತ್ಯಾ ಮಗ್ಗದ ಗದ್ದಲದಾಗ ಕುಂತು, ಪಡಸಾಲ್ಯಾಗ ಹೆಂಗಸರು ಪಿಸುಗುಟ್ಟಿದ್ದು ಕೇಳಿಸಿಕೊಂಡು ಜಗಳ ತಗೀತಿದ್ದ.”

ಅತ್ತೆಯವರೂ ಹೌದೆಂದರು. ನಾನೂ ತಲೆ ಆಡಿಸಿದೆ. ಚಿಮ್ಮಡದಲ್ಲಿರುವ ನನ್ನ ಅವ್ವನಿಗೆ ಕಿವಿ ಕೇಳಿಸುವುದಿಲ್ಲ, ನನ್ನ ಸೋದರಮಾವನಿಗೂ ಕೇಳಿಸುತ್ತಿರಲಿಲ್ಲ. ಆದರೆ ಮನೆತನ ಎಂದ ಕೂಡಲೇ ನಮ್ಮ ಕಡೆ ಗಂಡನ ಮನೆತನವೇ ನೆನಪಿಗೆ ಬರುವುದು. ಮದುವೆಯಾದ ಹೆಣ್ಣಿನ ತವರನ್ನು ಅಲ್ಲಿ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನನಗೂ ಹೊಳೆಯಲಿಲ್ಲ.

ಕೊಡುತ್ತಿದ್ದ ಔಷಧಿಗೆ ಜ್ವರ ಬಗ್ಗಲಿಲ್ಲ. ಡಾಕ್ಟರು ಇನ್ನೊಂದು ಇಂಜೆಕ್ಷನ್ ಬರೆದರು. ಅದು ಆಸ್ಪತ್ರೆಯಲ್ಲೂ ಇರಲಿಲ್ಲ, ಎದುರಿನ ಅಂಗಡಿಯಲ್ಲೂ ಮುಗಿದಿತ್ತು. ಯಜಮಾನರು ಗಾಡಿ ಹತ್ತಿ ಜಮಖಂಡಿಗೆ ಹೋದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಕಣ್ಣು ಮುಚ್ಚಿ ಕೈ ಜೋಡಿಸಿ, ಬೇಕಾದುದನ್ನು ಸ್ಪಷ್ಟವಾಗಿ ಕೇಳಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ಹಾಗೆಯೇ ಕೊರಳ ಲಿಂಗ ಹಿಡಿದು ಕೇಳಿದೆ: “ಮಲ್ಲಯ್ಯ, ಆ ಇಂಜೆಕ್ಷನ್ ಬೇಗ ಕೈಗೆ ಬರಲಿ. ಈ ಜ್ವರ ಇವಳ ಕಿವಿಗೆ ಇಳಿಯುವ ಮುನ್ನ ಬರಲಿ.”

ಮಧ್ಯಾಹ್ನ ಯಜಮಾನರ ಫೋನು ಬಂತು. “ಇಂಜೆಕ್ಷನ್ ಸಿಕ್ಕೇತಿ, ಆದ್ರ ತಿರುಗಿ ಬರೂ ದಾರಿ ಬಂದ್ ಐತಿ. ಕಬ್ಬಿನ ದರದ ಸಲುವಾಗಿ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸ್ಯಾರ. ಹಿಂದಕ್ಕೂ ಹೋಗಾಕ ಬರವಲ್ದು, ಮುಂದಕ್ಕೂ ಬರವಲ್ದು.”

“ಕೂಸಿಗಿ ಔಷಧ ಒಯ್ಯಾಕತ್ತೇನಿ ಅಂತ ಹೇಳ್ರಲಾ!”

“ಹೇಳೀನಿ. ನಮಗೂ ಮಕ್ಕಳದಾವ, ಸ್ವಲ್ಪ ತಡಿ ಅಣ್ಣಾ, ಮುಂದಿನ ಗಾಡಿ ಸರಿಸಿ ಬಿಡ್ತೇವಿ ಅನ್ನಾಕತ್ತಾರ.”

ಗೌರಿಯ ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ಈ ಸಲ ಹೆಸರು ಹಿಡಿದು ಕರೆದರೆ ಅವಳು ಉತ್ತರ ಕೊಡಲಿಲ್ಲ. ನಿದ್ದೆಯೋ, ಜ್ವರದ ಮಂಪರೋ, ನಾನು ಹೆದರಿದ್ದೇ ಆಯಿತೋ ಗೊತ್ತಾಗಲಿಲ್ಲ. ಆಗ ನನ್ನ ಬಾಯಿಂದ ಆಡಬಾರದ ಮಾತು ಬಂತು: “ಮಲ್ಲಯ್ಯ, ನಿನಗೂ ಕಿವಿ ಕೇಳಿಸುವುದಿಲ್ಲವೇನು?”

ಅಷ್ಟರಲ್ಲಿ ಬಾಗಿಲಲ್ಲಿ ನನ್ನ ಅವ್ವ ನಿಂತಿದ್ದಳು. ಸುದ್ದಿ ತಿಳಿದು ಚಿಮ್ಮಡದಿಂದ ಆಟೋ ಹತ್ತಿದವಳು, ದಾರಿ ನಿಂತದ್ದು ನೋಡಿ ಇಳಿದು ಕಬ್ಬಿನ ಗದ್ದೆಗಳ ಬದುವಿನ ಮೇಲೆ ನಡೆದು ಬಂದಿದ್ದಳು. ಸೀರೆಯ ಅಂಚಿಗೆ ಎರೆಮಣ್ಣು ಹತ್ತಿತ್ತು, ಮುಂಗೈ ತುಂಬ ಕಬ್ಬಿನ ಒಣಗರಿ, ರವದಿ, ಗೀರಿದ ಕೆಂಪು ಗೆರೆಗಳು. ಸೆರಗಿನ ಗಂಟಿನಲ್ಲಿ ಮಲ್ಲಯ್ಯನ ವಿಭೂತಿ.

“ಕೂಸಿಗಿ ಏನಾಗೇತಿ ಸುಮ್ಮೀ?” ಎಂದು ಅವಳು ಕೇಳಿದ್ದು ಇಡೀ ಆಸ್ಪತ್ರೆಗೆ ಕೇಳಿಸಿತು. ತನ್ನ ದನಿ ತನಗೇ ಕೇಳದ್ದರಿಂದ ಅವ್ವ ಮಾತಾಡುವುದೇ ಹಾಗೆ.

ಡಾಕ್ಟರು ಒಳಗಿನಿಂದ ಬಂದರು. “ಅಮ್ಮಾರ, ಸಾವಕಾಶ ಮಾತಾಡ್ರಿ. ಪೇಶೆಂಟ್ ಮಲಗ್ಯಾರ.”

ಅವ್ವ ಅವರ ಮುಖವನ್ನೇ ನೋಡಿದಳು. “ತಮ್ಮಾ, ನನ್ನ ಮುಂದ ಒದರಿದರೂ ಅಷ್ಟ, ಸುಮ್ಮನಿದ್ದರೂ ಅಷ್ಟ. ತುಟಿ ನೆಟ್ಟಗ ತೋರಿಸಿ ಮಾತಾಡು, ತಿಳಕೊಂತೇನಿ.”

ಡಾಕ್ಟರು ನನ್ನ ಕಡೆ ತಿರುಗಿದರು. “ಇವರು ಯಾರ್ರಿ?”

“ನಮ್ಮ ಅವ್ವರಿ.”

“ಮನ್ಯಾಗ ಯಾರಿಗೂ ಇಲ್ಲ ಅಂದ್ರಿ?”

“ಇವರು ನಮ್ಮ ಮನಿಯವರಲ್ಲರಿ, ತವರವರು” ಎಂದೆ. ಹೇಳುವಾಗಲೇ ನನಗೆ ಏನೋ ಎಡವಿದಂತಾಯಿತು.

ಅವರು ಅವ್ವನ ಎದುರು ಕುಳಿತು, ತುಟಿ ಬಿಡಿಸಿ ನಿಧಾನವಾಗಿ ಕೇಳಿದರು: “ಹುಟ್ಟಿದಾಗಿಂದ ಹಿಂಗ ಏನ್ರಿ?”

“ಇಲ್ಲಪ. ಸಣ್ಣಾಕಿದ್ದಾಗ ಗಿಣಿಯಂಗ ಹಾಡತಿದ್ದೆ. ಕ್ಷಯದ ಬ್ಯಾನಿ ಬಂತು, ದಿನಾ ಸೂಜಿ ಚುಚ್ಚಿದ್ರು. ಕೆಮ್ಮು ಹೋತು. ಅದರ ಬೆನ್ನಿಗೇ ಕಿವೀನೂ ಹೋತು. ಜೀವ ಉಳೀತಲ್ಲ ಬಿಡು ಅಂದ್ರು ಎಲ್ಲಾರೂ. ನಮ್ಮಣ್ಣಂದೂ ಹಂಗ, ಕಾಲಿಗಿ ಕುಡಗೋಲ ಬಡದು ಕೀವಾಗಿ ಸೂಜಿ ಮಾಡಿದ್ರು. ಕಾಲ ಉಳೀತು, ಕಿವಿ ಹೋತು.”

ಡಾಕ್ಟರು ಗೌರಿಯ ಚೀಟಿ ಎತ್ತಿ, ತಾವು ಬರೆದ ಇಂಜೆಕ್ಷನ್ನಿನ ಹೆಸರನ್ನು ಮತ್ತೆ ಓದಿದರು. ಆಮೇಲೆ ನನ್ನನ್ನು ಕೇಳಿದರು: “ನಿಮ್ಮ ಮಗನಿಗೆ ಆಗ ಇಂಜೆಕ್ಷನ್ ಕೊಟ್ಟಿದ್ರೇನ್ರಿ?”

ಕೊಟ್ಟಿದ್ದರು. ಚುಚ್ಚಿದಾಗೊಮ್ಮೆ ಬಸು ನನ್ನ ಬಳೆಗಳನ್ನು ಎಣಿಸುತ್ತ ಅಳು ತಡೆಯುತ್ತಿದ್ದ.

ಅವರು ಹುಬ್ಬಳ್ಳಿಯಲ್ಲಿದ್ದ ತಮ್ಮ ಗುರುಗಳಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಮುಗಿಸಿದ ಕೂಡಲೇ ನಮ್ಮ ಯಜಮಾನರಿಗೆ ಮಾಡಿದರು. ಆ ಕಡೆಯಿಂದ ಯಜಮಾನರ ಸಂಭ್ರಮದ ದನಿ ನನಗೂ ಕೇಳಿಸಿತು: “ಸಿಕ್ಕೇತ್ರಿ ಸಾಹೇಬ್ರ! ದಾರೀನೂ ಬಿಟ್ಟಾರ, ಈಗ ಬಂದೆ!”

“ಸಾವಕಾಶ ಬರ್ರಿ. ಆ ಇಂಜೆಕ್ಷನ್ ಬ್ಯಾಡ” ಎಂದರು ಡಾಕ್ಟರು.

ಮುಂಜಾನೆಯಿಂದ ನಾನು ಅಂಗಲಾಚಿ ಬೇಡಿದ್ದು ಅದನ್ನೇ. ದಾರಿ ತೆರೆದಿದ್ದರೆ ಅದು ಅವ್ವನಿಗಿಂತ ಮೊದಲು ಬಂದು ನನ್ನ ಮಗಳ ಮೈಸೇರುತ್ತಿತ್ತು. ಅಡ್ಡ ನಿಂತ ಟ್ರ್ಯಾಕ್ಟರುಗಳ ನಡುವೆಯೂ ಮಲ್ಲಯ್ಯ ಯಾರಿಗೆ ದಾರಿ ಬಿಡಿಸಿದ್ದನೋ ಅವಳು ನನ್ನ ಎದುರು ನಿಂತು ಕೂಸಿನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು.

ಬೇರೆ ಔಷಧಿ ಶುರುವಾಯಿತು. ಮಂಗಳವಾರ ಜ್ವರ ಇಳಿಯಲಿಲ್ಲ. ಸೂಜಿ ಬೇಡವೆಂದು ಜೀವಕ್ಕೇ ಕುತ್ತು ತಂದೆವೇ ಎಂದು ಯಜಮಾನರು ಬಾಯಿಬಿಟ್ಟು ಕೇಳದಿದ್ದರೂ ಅವರ ಮುಖ ಕೇಳುತ್ತಿತ್ತು. ಬುಧವಾರ ಮಧ್ಯಾಹ್ನ ಗೌರಿಯ ಮೇಲ್ದುಟಿಯ ಮೇಲೆ ಸಣ್ಣ ಬೆವರಿನ ಹನಿಗಳು ಕಂಡವು. ಅವಳು ಕಣ್ಣು ತೆರೆದು, “ಯವ್ವಾ, ಹೊರಗ ಚುರಮರಿಯಾಂವ ಬಂದಾನ, ಕೊಡಸು” ಎಂದಳು. ನನಗೆ ಏನೂ ಕೇಳಿಸಿರಲಿಲ್ಲ. ಕಿಟಕಿಗೆ ಹೋಗಿ ನೋಡಿದೆ. ದೂರದ ಬಸ್ ನಿಲ್ದಾಣದ ತಿರುವಿನಲ್ಲಿ ಅವನ ಗಾಡಿ ಆಗಷ್ಟೇ ತಿರುಗುತ್ತಿತ್ತು. ನಾನು ಅಳುವುದನ್ನು ಕಂಡು ಅವಳು, “ಬ್ಯಾಡಂದ್ರ ಬ್ಯಾಡ ಬಿಡು, ಅಳಬ್ಯಾಡ” ಎಂದಳು.

ಮುಂದೆ ಡಾಕ್ಟರ ಗುರುಗಳ ಮೂಲಕ ನಮ್ಮ ರಕ್ತ ಬೆಂಗಳೂರಿಗೆ ಹೋಯಿತು. ಬಹಳ ತಿಂಗಳ ಮೇಲೆ ವರದಿ ಬಂದಾಗ ಡಾಕ್ಟರು ನಮ್ಮೆಲ್ಲರನ್ನೂ ಕೂರಿಸಿಕೊಂಡು ಯಜಮಾನರ ಮಗ್ಗದ ಭಾಷೆಯಲ್ಲೇ ಹೇಳಿದರು. ಮೈಯ ಕಣಕಣದಲ್ಲೂ ಶಕ್ತಿ ತಯಾರಿಸುವ ಸಣ್ಣ ಸಣ್ಣ ಕಾರ್ಖಾನೆಗಳಿವೆ, ಮೈಟೊಕಾಂಡ್ರಿಯಾ ಅನ್ನುತ್ತಾರೆ. ಅವುಗಳ ಒಳಗೆ ರೈಬೋಸೋಮ್ ಎಂಬ ಮಗ್ಗಗಳಿವೆ. ಆ ಶಕ್ತಿಗೆ ಬೇಕಾದ ಪ್ರೋಟೀನನ್ನು ನೇಯುವುದು ಅವೇ. ರೋಗದ ಕ್ರಿಮಿಗೂ ಅದರದೇ ಮಗ್ಗವಿದೆ. ಆ ಜಾತಿಯ ಇಂಜೆಕ್ಷನ್ ಕ್ರಿಮಿಯ ಮಗ್ಗಕ್ಕೆ ಸಿಕ್ಕಿಕೊಂಡು ಅದನ್ನು ಕೆಡಿಸುತ್ತದೆ. ನಮ್ಮ ತಾಯಿಯ ಕಡೆಯವರ ಮಗ್ಗದಲ್ಲಿ ಒಂದೇ ಒಂದು ಬಿಡಿಭಾಗ ಹುಟ್ಟಿನಿಂದ ಬೇರೆಯಾಗಿ, ಕ್ರಿಮಿಯದನ್ನೇ ಹೋಲುತ್ತದೆ. ಇಂಜೆಕ್ಷನ್ ಅದಕ್ಕೂ ಸಿಕ್ಕಿಕೊಳ್ಳುತ್ತದೆ. ಕಿವಿಯೊಳಗಿನ ನವಿರು ಕಣಗಳು ಅದನ್ನು ತಾಳುವುದಿಲ್ಲ, ಸತ್ತರೆ ಮತ್ತೆ ಹುಟ್ಟುವುದೂ ಇಲ್ಲ.

“ಅಂದ್ರ ದಿನಾ ಮಗ್ಗ ನಡೀತಿರತೈತಿ. ಆ ಔಷಧ ಬಿದ್ದಾಗಷ್ಟ ಲಾಳಿ ಸಿಗಬೀಳತೈತಿ. ಹೌದಲ್ರಿ?” ಎಂದರು ಯಜಮಾನರು.

“ನೀವ ನನಗಿಂತ ಛಲೋ ಹೇಳಿದ್ರಿ” ಎಂದು ಡಾಕ್ಟರು ನಕ್ಕರು. “ಈ ಮಗ್ಗಗಳು ತಾಯಿಯಿಂದಷ್ಟ ಮಕ್ಕಳಿಗೆ ಬರತಾವ. ತಂದಿ ಕಡಿಯಿಂದ ಬರಂಗಿಲ್ಲ.”

ಅತ್ತೆಯವರು ಕೂಡಲೇ, “ನೋಡ್ರಿ, ನಾ ಅಂದಿದ್ದಿಲ್ಲ? ಸೊಸೀ ಕಡಿಂದ ಬಂದದ್ದು” ಎಂದರು.

ಯಜಮಾನರು ಅವರ ಕಡೆ ನೋಡಿ, “ಯವ್ವಾ, ಹತ್ತ ವರ್ಷ ತಲಿಮ್ಯಾಲ ಹಾಕಿದ ನೀರಿಂದ ಅಂದಿ. ಈಗ ತವರಿಂದು ಅಂತಿ. ಒಂದ ಕಡೆ ನಿಂದ್ರು” ಎಂದರು.

“ಅಜ್ಜೀ, ತಪ್ಪು ತಾಯಿದಲ್ಲ. ಕ್ಷಯದಾಗ ಜೀವ ಉಳಿಸಿದ ಸೂಜಿಗೂ ತಪ್ಪು ಹೊರಸಾಕ ಬರಂಗಿಲ್ಲ. ಅವೆರಡೂ ಕೂಡಬಾರದಿತ್ತು, ಅಷ್ಟ” ಎಂದರು ಡಾಕ್ಟರು. ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತೆಯವರು ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಟ್ಟರು. ಮಾತಿನಲ್ಲಿ ಹೇಳಲಾರದವರು ಹಾಗೆ ಹೇಳುತ್ತಾರೆ.

ಬಸುವಿಗೆ ಹೋದ ಕಿವಿ ಮರಳಿ ಬರಲಿಲ್ಲ. ಬರುವಂಥದ್ದಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವನು ಈಗ ಸೀರೆಯ ಅಂಚಿನ ಡಿಸೈನ್ ಬರೆಯುತ್ತಾನೆ. ವರದಿಯ ವಿಷಯವನ್ನು ನಾನು ಕೈಸನ್ನೆಯಲ್ಲಿ ತಿಳಿಸಿದಾಗ, ಅವನು ಒಂದೇ ಪ್ರಶ್ನೆ ಕೇಳಿದ: ಹಾಗಾದರೆ ನಾನು ಆ ದಿನ ನಿನಗೆ ಹೇಳದೆ ಕಾಲುವೆಯಲ್ಲಿ ಆಡಿದ್ದರಿಂದ ಅಲ್ಲವೇ? ಅಲ್ಲವೆಂದೆ. ನಾನು ನನ್ನ ನೀರನ್ನು ಹೊತ್ತಂತೆ, ಅವನೂ ತನ್ನ ನೀರನ್ನು ಹೊತ್ತಿದ್ದ. ಇಬ್ಬರೂ ಅಂದು ಇಳಿಸಿದೆವು.

ಅದಾದ ಮೇಲೆ ನಾನು ಮುಧೋಳಕ್ಕೂ ಬೀಳಗಿಗೂ ಬಸ್ಸು ಹತ್ತಿ, ಅವ್ವನ ತಂಗಿಯರ ಮನೆಗಳಿಗೆ ಹೋಗಿ ಹೇಳಿ ಬಂದೆ: ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ಹೇಳಿ, ತವರಿನ ಸುದ್ದಿಯೆಂದು ಬಿಡಬೇಡಿ. ಕೆಲವರು ಚಹಾ ಕೊಟ್ಟು ನಕ್ಕು ಕಳಿಸಿದರು.

೨೦೧೬ರಲ್ಲಿ ಬೀಳಗಿಯ ಚಿಕ್ಕಮ್ಮನ ಮಗಳು ಶೋಭಾ ದಿನ ತುಂಬುವ ಮೊದಲೇ ಹಡೆದಳು. ಕೂಸು ಸಣ್ಣದು, ಸೋಂಕಿನ ಅನುಮಾನ. ಮರುದಿನ ಅವಳೇ ಫೋನು ಮಾಡಿದಳು.

“ಅಕ್ಕಾ, ನರ್ಸಬಾಯಿ ಸೂಜಿ ತುಂಬಿಕೊಂಡು ನಿಂತಿದ್ಲು. ನಮ್ಮ ಅವ್ವನ ಕಡಿಯವರಿಗೆ ಇದು ಆಗಂಗಿಲ್ಲರಿ ಅಂದೆ. ಡಾಕ್ಟರು ಬಂದ್ರು, ಬ್ಯಾರೇದು ಬರದ್ರು. ನಿನ್ನ ಮಾತಿಗಿ ಆವತ್ತ ನಕ್ಕಿದ್ದೆ, ಸಿಟ್ಟಿಲ್ಲಲ್ಲ?”

“ಹುಚ್ಚೀ, ಕೂಸು ಹೆಂಗೈತಿ?”

“ಒಂದ ಸವನ ಅಳಾಕತ್ತೇತಿ. ತಡಿ, ನೀನ ಮಾತಾಡು” ಎಂದು ಫೋನನ್ನು ಅದರ ಕಿವಿಗೆ ಹಿಡಿದಳು.

ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಇಂಥದ್ದೇ ಕೊಡೆಂದು ದೇವರಿಗೆ ಹೆಸರು ಹಿಡಿದು ಹೇಳುವುದನ್ನು ನಾನು ಆ ಕಾರ್ತಿಕದಿಂದ ಬಿಟ್ಟಿದ್ದೇನೆ. ಹಾಗಾಗಿ ಏನೂ ಬೇಡದೆ ಬರಿದೇ “ಮಲ್ಲಯ್ಯಾ” ಎಂದೆ.

ಬೀಳಗಿಯಲ್ಲಿ ಕೂಸು ಅಳು ನಿಲ್ಲಿಸಿ ಆಲಿಸಿತು.